ನಮ್ಮ ಹುಳುಮನೆಗೆ ದೆವ್ವ ಹೊಗಿಸಿದವರಿಗೆ

‘ನಡುಕ ಹೆರಿಟೇಜ್ ವಾಕ್ಸ್’ ಸಂಸ್ಥೆಯ ಪರಮಪೂಜ್ಯ ವ್ಯವಸ್ಥಾಪಕರಾದ ಮಾನ್ಯರೇ,

ಬರೆಯುತ್ತಿರುವುದಕ್ಕೇ ಮೊದಲು ಕ್ಷಮೆ ಕೇಳುತ್ತೇನೆ. ಇಷ್ಟೊಂದು ದೆವ್ವಗಳ ಯೋಗಕ್ಷೇಮ ನೋಡಿಕೊಳ್ಳುವ ತಮ್ಮಂಥವರಿಗೆ ಫಸ್ಟ್ ಇಯರ್ ಬಿಎಸ್ಸಿ ಹುಡುಗಿಯೊಬ್ಬಳು ಕಾಗದ ಬರೆಯುವುದು ಅಧಿಕಪ್ರಸಂಗವೆಂದು ಗೊತ್ತು. ಐದನೇ ಕ್ಲಾಸಿನಿಂದ ಹಾಸ್ಟೆಲಿನಲ್ಲೇ ಇದ್ದವಳಾದ್ದರಿಂದ ನನ್ನ ಕನ್ನಡ ಅಲ್ಲಿನ ಸಾರಿನಷ್ಟೇ ತೆಳು, ಇಂಗ್ಲಿಷಾದರೂ ಗಟ್ಟಿಯೇ ಎಂದರೆ ಅದೂ ಇಲ್ಲ. ತಾವು ಕೇಸ್ ಹಾಕಿಬಿಟ್ಟರೆ ಇಂಟರ್ನಲ್ಸ್ ಗತಿ ಏನು ಎಂದು ಹೆದರಿ ಹೆದರಿ ಬರೆಯುತ್ತಿದ್ದೇನೆ. ತಮ್ಮ ಪೇಜಿನಲ್ಲಿ ನಾನು ಹಾಕಿದ ಕಾಮೆಂಟನ್ನು ತಾವು ಅಳಿಸಿದಿರಿ. ಹೀಗಾಗಿ ಎಲ್ಲರಿಗೂ ಕಾಣುವಂತೆ ಬರೆಯಬೇಕಾಯಿತು, ಸಾರಿ.

ತಮ್ಮ ಸಂಶೋಧನೆಗೆ ಮಾಗಡಿಯ ಜನ ಋಣಿಗಳಾಗಿರಬೇಕು. ಕೋಟೆಯ ಪಕ್ಕದಲ್ಲೇ ಹುಟ್ಟಿ, ಕೆರೆ ಏರಿಯ ಮೇಲೆಯೇ ದನ ಹೊಡೆದುಕೊಂಡು ಓಡಾಡಿ, ಕಲ್ಲು ಮಂಟಪದಲ್ಲಿ ಮಧ್ಯಾಹ್ನದ ನಿದ್ದೆ ತೆಗೆದವರಿಗೆ ತಲೆತಲಾಂತರದಿಂದ ಒಂದು ದೆವ್ವವೂ ಕಾಣಲಿಲ್ಲ. ತಾವಾದರೋ ಒಂದು ಟೆಂಪೋ ಟ್ರಾವೆಲರ್ ತಂದು, ಒಬ್ಬ ಗೈಡನ್ನಿಟ್ಟು, ಬುರುಜಿಗೊಂದು, ಹುಣಿಸೆಮರಕ್ಕೊಂದು, ಮಂಟಪಕ್ಕೊಂದು ಎಂದು ರೇಷನ್ ಹಂಚಿದ ಹಾಗೆ ದೆವ್ವ ಹಂಚಿಬಿಟ್ಟಿರಿ. ಅದರ ಬಗ್ಗೆ ನನ್ನ ತಕರಾರಿಲ್ಲ. ಹುಣಿಸೆಮರಕ್ಕೂ ಇಲ್ಲ. ನನ್ನ ದುಃಖವಿರುವುದು ತಮ್ಮ ಪಟ್ಟಿಯ ಕೊನೆಯ ಜಾಗ, ‘ಪಿಸುಗುಟ್ಟುವ ಮನೆ’ಯ ಬಗ್ಗೆ.

ಹೋದ ತಿಂಗಳು ನಮ್ಮ ಕ್ಲಾಸಿನವರೆಲ್ಲ ಭಾನುವಾರದ ತಮ್ಮ ಟೂರಿಗೆ ಬಂದಿದ್ದೆವು. ಗಾಡಿ ಕೆರೆ ಏರಿಯಿಂದ ಇಳಿದು ಹಿಪ್ಪುನೇರಳೆ ತೋಟಗಳ ನಡುವೆ ಹೊರಳಿದಾಗಲೇ, ಇದು ನಮ್ಮ ದೊಡ್ಡಮ್ಮನ ಮನೆಯ ದಾರಿಯಲ್ಲವೇ ಎಂದು ಕಿಟಕಿಯಿಂದ ಕತ್ತು ಹೊರಚಾಚಿ ನೋಡಿದೆ. ಬಿಸಿಲಿನ್ನೂ ಪೂರ್ತಿ ಇಳಿದಿರಲಿಲ್ಲ. ತಮ್ಮ ಗೈಡ್ ಮಹೇಂದ್ರ ಅವರು ಕಿಟಕಿಗೆಲ್ಲ ಗೋಣಿಪರದೆ ಕಟ್ಟಿದ ಶೀಟಿನ ಮನೆಯೊಂದರ ಮುಂದೆ ನಮ್ಮನ್ನು ನಿಲ್ಲಿಸಿ, ಬಾಯಿಗೆ ಬೆರಳಿಟ್ಟು, “ಎಲ್ರೂ ಸೈಲೆಂಟ್. ಕೇಳುಸ್ತಾ ಐತಾ? ಒಳಗೆ ಅವ್ಳು ಮಾತಾಡ್ತಾವ್ಳೆ” ಎಂದರು. ಕೇಳಿಸಿತು, ಮಾನ್ಯರೇ. ಸಣ್ಣ ಮಳೆ ಎಲೆಯ ಮೇಲೆ ಬಿದ್ದಂತೆ ಸರಸರ ಸದ್ದು. ರಾಮನಗರ ಜಿಲ್ಲೆಯಲ್ಲಿ ಹುಟ್ಟಿದ ಯಾವ ಕೂಸಿಗಾದರೂ ಆ ಸದ್ದು ಗೊತ್ತು: ಅದು ರೇಷ್ಮೆಹುಳ ಸೊಪ್ಪು ತಿನ್ನುವ ಸದ್ದು. ಮಹೇಂದ್ರ ಅವರು ಯಾವ ಜಿಲ್ಲೆಯಲ್ಲಿ ಹುಟ್ಟಿದರೋ ತಿಳಿಯದು.

ಆಮೇಲೆ ಅವರು ಬಾಗಿಲಿನಿಂದ ಹೊರಬಂದ ಬಿಳೀ ಹೆಜ್ಜೆಗುರುತುಗಳನ್ನು ತೋರಿಸಿದರು. ನನ್ನ ಗೆಳತಿ ರಮ್ಯಾ ನನ್ನ ತೋಳಿಗೆ ಉಗುರು ನೆಟ್ಟಳು. ಹುಳುಮನೆಯ ಬಾಗಿಲಲ್ಲಿ ಸುಣ್ಣ, ಬ್ಲೀಚಿಂಗ್ ಪುಡಿ ಬೆರೆಸಿ ಹರಡಿರುತ್ತಾರೆ; ಹುಳಕ್ಕೆ ಹೊರಗಿನ ರೋಗ ತಗುಲದಿರಲೆಂದು ಅದನ್ನು ತುಳಿದೇ ಒಳಗೆ ಹೋಗಬೇಕು, ಅದಕ್ಕೂ ಮೊದಲು ಸ್ನಾನ ಮಾಡಿರಬೇಕು. ಇದನ್ನು ನಾನು ಬಾಯಿಬಿಟ್ಟು ಹೇಳುವಷ್ಟರಲ್ಲಿ ಮಹೇಂದ್ರ ಅವರು ಆತ್ಮಶಾಂತಿಗೆಂದು ಕಿಟಕಿಯ ಕೆಳಗೆ ಕೆಂಡದ ಮೇಲೆ ಲೋಬಾನ ಸುರಿದಾಗಿತ್ತು. ಸೊಳ್ಳೆಗೆ ಹೆದರಿದ ಇಬ್ಬರು ಅದಕ್ಕೆ ಸ್ಪ್ರೇ ಕೂಡ ಸೇರಿಸಿದರು. ಗಾಳಿ ಹೊಗೆಯನ್ನೆಲ್ಲ ನೇರ ಒಳಕ್ಕೆ ಕೊಂಡೊಯ್ದಿತು.

ಆಗ ಬಂದರು ದೊಡ್ಡಲಕ್ಷ್ಮಮ್ಮ, ನನ್ನ ದೊಡ್ಡಮ್ಮ. ಮಿಂದು ಬಿಚ್ಚಿದ ಒದ್ದೆ ಕೂದಲು, ಮೊಣಕಾಲಿನವರೆಗೆ ಸುಣ್ಣ, ಕೈಯಲ್ಲಿ ಪೊರಕೆ. “ಯಾವನ್ಲಾ ಅವ್ನು ಹೊಗೆ ಹಾಕೋನು? ಹಣ್ಣಾಗೋ ಹುಳ ಕಣ್ಲಾ, ಸಾಯ್ತವೆ ಕಣ್ಲಾ, ನಿನ್ ಮನೆಗೆ ಬೂದಿ ಉಯ್ಯ!” ಎಂದು ಅವರು ಕೂಗಿದಾಗ ನಮ್ಮ ಗುಂಪು ಚಪ್ಪಾಳೆ ತಟ್ಟಿತು. ಯಾರೋ “ಸೂಪರ್ ಆಕ್ಟಿಂಗ್ ಆಂಟಿ!” ಎಂದರು. ನಾನು “ದೊಡ್ಡಮ್ಮಾ!” ಎಂದು ಅಳುತ್ತಾ ಓಡಿದೆ. ಮಹೇಂದ್ರ ಅವರು ನನ್ನನ್ನು ಹಿಡಿದು, ಹಣೆಗೆ ವಿಭೂತಿ ಮೆತ್ತಿ, ತಲೆಯ ಮೇಲೆ ನಿಂಬೆಹಣ್ಣು ಹಿಂಡಿದರು. ಈಗ ತಮ್ಮ ಪೇಜಿನಲ್ಲಿ ‘ಪ್ರವಾಸಿ ಯುವತಿಯ ಮೈಮೇಲೆ ಬಂದ ಆತ್ಮ’ ಎಂದು ಓಡುತ್ತಿರುವ ರೀಲಿನಲ್ಲಿ ನಿಂಬೆರಸ ಕಣ್ಣಿಗೆ ಬಿದ್ದು ಒದ್ದಾಡುತ್ತಿರುವವಳು ನಾನೇ. ಹಾಸ್ಟೆಲಿನಲ್ಲಿ ನನ್ನ ಪಕ್ಕದ ಮಂಚದವಳು ರೂಮ್ ಬದಲಾಯಿಸಿದ್ದಾಳೆ.

ಅದಿರಲಿ. ಆ ರಾತ್ರಿ ನಾನು ದೊಡ್ಡಮ್ಮನ ಮನೆಯಲ್ಲೇ ಉಳಿದೆ. ಮಾರನೆಯ ದಿನ ಹುಳ ಹಸಿರು ನೀರು ಕಕ್ಕಿ, ತಲೆ ಎತ್ತಿದಂತೆಯೇ ಸತ್ತವು. ನಾಲ್ಕನೇ ಜ್ವರ ಎದ್ದು, ಅಂದರೆ ಕೊನೆಯ ಪೊರೆ ಕಳಚಿ, ಇನ್ನೇನು ಹಣ್ಣಾಗಿ ಗೂಡು ಕಟ್ಟಬೇಕಿದ್ದ ಹುಳ. ಅವು ಗೂಡು ಕಟ್ಟಲೆಂದು ತೊಳೆದಿಟ್ಟಿದ್ದ ಬಿದಿರಿನ ಚಂದ್ರಿಕೆಗಳು ಗೋಡೆಗೆ ಒರಗಿಕೊಂಡೇ ಉಳಿದವು. ತಟ್ಟೆ ತಟ್ಟೆಯನ್ನೇ ಗುಂಡಿಗೆ ಸುರಿಯುವಾಗ ದೊಡ್ಡಮ್ಮ ಬೈಯಲಿಲ್ಲ. ನನಗೆ ಭಯವಾದದ್ದು ಅದಕ್ಕೇ. “ದೆವ್ವ ಆಗಿದ್ರೆ ಕಾಲ್ ತೊಳ್ಕಂಡಾದ್ರೂ ಬತ್ತಿದ್ವು ಕಣವ್ವ. ಇನ್ನೊಂದ್ ಸಲ ಹಿಂಗಾದ್ರೆ ತೋಟ ಕೀಳ್ಸಿ ಸುಮ್ಕೆ ಕುಂತ್ಕತೀನಿ” ಎಂದರು, ಅಷ್ಟೇ.

ನಾನು ಫೋನ್ ಮಾಡಿದಾಗ ತಮ್ಮ ಕಚೇರಿಯವರು ಬಹಳ ವಿನಯದಿಂದ, ಜನರಿಗೆ ಆ ಜಾಗವೇ ಹೆಚ್ಚು ಇಷ್ಟವಾಗಿದೆ, ಹಾಗಾಗಿ ಇನ್ನು ಮುಂದೆ ಶನಿವಾರವೂ ಗಾಡಿ ಬರುತ್ತದೆ ಎಂದು ತಿಳಿಸಿದರು. ಮರುದಿನವೇ ದೊಡ್ಡಮ್ಮನ ಪೊರಕೆಯ ಫೋಟೋ ತಮ್ಮ ಬ್ಯಾನರಿಗೆ ಏರಿತು. ಈ ಗೌರವಕ್ಕೆ ಪ್ರತಿಯಾಗಿ ಕೆಲವು ಸಣ್ಣ ಕೋರಿಕೆಗಳಿವೆ. ದೊಡ್ಡಮ್ಮನನ್ನು ಖಾಯಂ ದೆವ್ವವನ್ನಾಗಿ ನೇಮಿಸಿಕೊಂಡು ಪಿಎಫ್, ವಾರದ ರಜೆ ಮತ್ತು ಹಬ್ಬಕ್ಕೆ ಬಿಳೀ ಸೀರೆ ಕೊಡಬೇಕು. ಸತ್ತ ಹುಳಗಳೆಲ್ಲ ಅತೃಪ್ತ ಆತ್ಮಗಳೇ ಆದ್ದರಿಂದ ಅವುಗಳ ಲೋಬಾನದ ಖರ್ಚು ಕಂಪನಿಯದು. ಒಂದೊಂದಕ್ಕೂ ಬೇರೆ ಬೇರೆ ಕಥೆ ಹೊಸೆಯುವ ಹೊಣೆ ಮಹೇಂದ್ರ ಅವರದು. ಇದ್ಯಾವುದೂ ಆಗದಿದ್ದರೆ ತಮ್ಮ ಸ್ಟಾಕಿನಿಂದ ಒಂದು ನಿಜವಾದ ದೆವ್ವ ಕಳಿಸಿಕೊಡಿ, ಬಾಗಿಲಲ್ಲಿ ನಿಂತು ತಮ್ಮ ಗಿರಾಕಿಗಳನ್ನು ಓಡಿಸಲಿ. ಸೊಪ್ಪಿನ ಕಡ್ಡಿ ತರಲೂ ಒಂದು ಆಳು ಕಮ್ಮಿಯಿದೆ.

ವ್ಯಂಗ್ಯ ಸಾಕು, ನನಗೆ ಅದು ಜಾಸ್ತಿ ಹೊತ್ತು ಬರುವುದಿಲ್ಲ. ದೊಡ್ಡಮ್ಮ ಮತ್ತೆ ಚಾಕಿ ಮರಿ, ಅಂದರೆ ಎಳೇ ಹುಳ, ತಂದಿದ್ದಾರೆ. ಈಗ ಅವು ನಾಲ್ಕನೇ ಜ್ವರಕ್ಕೆ ಕೂತಿವೆ, ಬರುವ ಶನಿವಾರಕ್ಕೆ ಎದ್ದಿರುತ್ತವೆ. ಅದೇ ಶನಿವಾರ ತಮ್ಮ ಗಾಡಿಯೂ ಬರುತ್ತದೆ. ಆ ಮನೆಯನ್ನು ಪಟ್ಟಿಯಿಂದ ತೆಗೆಯಿರಿ.

ಇತಿ, ದೆವ್ವಕ್ಕಿಂತ ತಮಗೇ ಹೆಚ್ಚು ಹೆದರುವ,
ತಮ್ಮ ವಿಶ್ವಾಸಿ,
ಚೈತನ್ಯ

ಮರೆತ ಮಾತು: ಈ ಪತ್ರವನ್ನು ದೊಡ್ಡಮ್ಮನಿಗೆ ಓದಿ ಹೇಳಿದೆ. “ಕಾಗ್ದ ಯಾಕವ್ವ, ಬರ್ಲಿ ಬುಡು. ಎಲ್ರನೂ ಕೆರೆಗೆ ಅದ್ದಿ ಒಳಿಕ್ಕೆ ಕೂಡಾಕ್ತೀನಿ, ಹುಳ ಹಣ್ಣಾಗೋಗಂಟ ಸೊಪ್ಪು ಹಾಕ್ಲಿ” ಎಂದಿದ್ದಾರೆ. ಅವರು ಹೇಳಿದ್ದನ್ನು ಮಾಡುವವರು. ದಯವಿಟ್ಟು ಶುಕ್ರವಾರದೊಳಗೆ ಉತ್ತರ ಕೊಡಿ.