ಒತ್ತಿದರೆ ನೋವು

ನನ್ನ ಹರ್ನಿಯಾ ಕೊಯ್ದು ಹೊಲಿದಾಯಿತು, ಹೊಲಿಗೆ ಬಿಚ್ಚಿದ್ದೂ ಆಯಿತು. ನೋವು ಮಾತ್ರ ಹಳೇ ಬಾಡಿಗೆದಾರನಂತೆ ಜಪ್ಪಯ್ಯ ಅಂದರೂ ಜಾಗ ಬಿಡಲಿಲ್ಲ. ನಿಜ ಹೇಳಬೇಕೆಂದರೆ, ಅದು ಬಿಡುವುದು ನನಗೂ ಬೇಕಿರಲಿಲ್ಲ. ಬರುವ ಭಾನುವಾರ ನನ್ನ ಭಾಮೈದ ಮನೆ ಬದಲಾಯಿಸುವವನಿದ್ದ. ಅವನ ಕಬ್ಬಿಣದ ಬೀರು ಮೂರನೇ ಮಹಡಿ ಏರಬೇಕಿತ್ತು. ಹಿಂದಿನ ಸಲ ಆ ಗಜರಾಜನನ್ನು ಹೊತ್ತ ವೀರ ಯಾರೆಂದು ಕೇಳಬೇಡಿ. (ಹರ್ನಿಯಾ ಎಲ್ಲಿಂದ ಬಂತೆಂದೂ ಕೇಳಬೇಡಿ.)

ಹಾಗಾಗಿ ನೋವನ್ನು ಕೂಸಿನಂತೆ ಜೋಪಾನ ಮಾಡುತ್ತಿದ್ದೆ. ನೋಡಲು ಬಂದವರಿಗೆಲ್ಲ ಅಂಗಿ ಎತ್ತಿ ದರ್ಶನ ಕೊಡುತ್ತಿದ್ದೆ. ಅವರೂ ಕಾರಣ ಹೇಳದೆ ಏಳುತ್ತಿರಲಿಲ್ಲ. "ಒಳಗೆ ಕತ್ತರಿ ಮರೆತಿದ್ದಾರೆ" ಎಂದ ಪಕ್ಕದ ಮನೆಯ ದರ್ಜಿ (ಸ್ವಂತ ಅನುಭವ ಇರಬೇಕು). "ಗಾಳಿ ಸೇರ್ಕೊಂಡಿದೆ" ಎಂದಳು ಚಿಕ್ಕಮ್ಮ. ಹೇಳುವ ಮೊದಲು ಎಲ್ಲರೂ ಹೆಬ್ಬೆರಳಿನಿಂದ ಒಮ್ಮೆ ಒತ್ತುತ್ತಿದ್ದರು, ನಾನು "ಅಯ್ಯೋ!" ಎನ್ನುತ್ತಿದ್ದೆ.

"ಇದೇನು ಹೊಟ್ಟೆನೋ, ಕಾಲಿಂಗ್ ಬೆಲ್ಲೋ?" ಎಂದಳು ಹೆಂಡತಿ. "ನಡೀರಿ ಡಾಕ್ಟರ ಹತ್ರ. ನಾಟಕ ಅಂತ ಗೊತ್ತಾದ್ರೆ ಬೀರು ನಿಮ್ಮ ಹೆಗಲಿಗೇ."

ಡಾಕ್ಟರು ಕೇಳಿದರು, "ಯಾವಾಗ ನೋಯುತ್ತೆ?"

"ಒತ್ತಿದ್ರೆ ಸಾರ್."

"ಯಾರು ಒತ್ತುತ್ತಾರೆ?"

"ಯಾರು ಒತ್ತಲ್ಲ ಅಂತ ಕೇಳಿ ಸಾರ್!" ಎಂದಳು ಹೆಂಡತಿ. "ಬೆಳಗ್ಗೆ ಎದ್ದ ಕೂಡ್ಲೆ ಇವರೇ ಒತ್ತಿ ನೋಡ್ಕೋತಾರೆ, ಹಣ್ಣು ಮಾಗಿದ್ಯಾ ಅಂತ ನೋಡೋ ಹಾಗೆ."

"ಸೋಂಕಿಲ್ಲ, ಊತ ಇಲ್ಲ. ಒಳಗೆ ಗಾಯ ಇನ್ನೂ ಮಾಯ್ತಾ ಇದೆ. ದಿನಾ ಕೆಣಕಿದ್ರೆ ನೋಯದೆ ಇನ್ನೇನಾಗುತ್ತೆ? ಇನ್ಮೇಲೆ ಯಾರೂ ಮುಟ್ಟಬಾರದು. ಭಾರ ಎತ್ತೋದಂತೂ ಸದ್ಯಕ್ಕೆ ಬೇಡವೇ ಬೇಡ."

ಆ ಕಡೆಯ ಮಾತು ನನ್ನ ಕಿವಿಗೆ ಜಯಭೇರಿ! ದಿಗ್ವಿಜಯಿಯಂತೆ ಹೆಂಡತಿಯತ್ತ ತಿರುಗಿದೆ. ಅವಳು ಆಗಲೇ ತಮ್ಮನಿಗೆ ಫೋನು ಹಚ್ಚಿದ್ದಳು.

"ನಿನ್ನ ಭಾವ ಬರಲ್ಲ ಕಣೋ, ಆಳುಗಳನ್ನ ಕರ್ಕೋ. ಅಮ್ಮ ಆ ಧೂಳಲ್ಲಿ ಏನ್ಮಾಡ್ತಾಳೆ? ಮನೆ ಒಂದು ಹದಕ್ಕೆ ಬರೋವರ್ಗೂ ಇಲ್ಲೇ ಇರ್ಲಿ. ಇವರ ಕೈ ಕಾಯೋಕೂ ಒಬ್ರು ಬೇಕು."

ನಮ್ಮತ್ತೆ ನಿವೃತ್ತ ಮುಖ್ಯೋಪಾಧ್ಯಾಯಿನಿ. ಮರದ ಸ್ಕೇಲಿನ ಸಮೇತ ಬಂದು ನನ್ನ ಎದುರಿನ ಕುರ್ಚಿಯಲ್ಲಿ ಸಿಂಹಾಸನಾರೂಢರಾದರು. ನೋವೇನೋ ಹೋಯಿತು. ಆದರೆ ಮಾಯುವ ಗಾಯ ತುರಿಸುತ್ತದೆಂದು ನನಗೆ ಯಾರೂ ಹೇಳಿರಲಿಲ್ಲ! ಕೈ ಅಂಗಿಯ ಕಡೆ ಗೇಣು ಸರಿದರೆ ಸಾಕು, ಟಪ್!

"ಕೈ ಕಟ್ಕೊಂಡು ಕೂತ್ಕೊಳ್ಳಿ ಅಳಿಯಂದಿರೇ."

ಕೂತಿದ್ದೇನೆ. ಭಾಮೈದನ ಹೊಸ ಮನೆಯಲ್ಲಿ ಎಲ್ಲ ಜೋಡಿಸಿ ಆಯಿತಂತೆ. ತಾಯಿಯನ್ನು ಕರೆದೊಯ್ಯಲು ಮಾತ್ರ ಅವನಿಗೇಕೋ ಅವಸರವೇ ಇಲ್ಲ.