ಐದನೇ ಮಗ್ಗಿನ ಆಯ್ಕೆಗೆ ಆಕ್ಷೇಪಣೆ

ಇಂದ:
ಕಿರಿಯ ಪರೀಕ್ಷಕಿ,
ಮೂರನೇ ಮೇಜು, ಕಿಟಕಿಯ ಪಕ್ಕ,
ಥರ್ಮಾಮೀಟರ್ ಪರೀಕ್ಷಾ ಕೊಠಡಿ.

ಗೆ:
ಅಧ್ಯಕ್ಷರು,
ಮಗ್ಗು ಆಯ್ಕೆ ಉಪಸಮಿತಿ,
ಅದೇ ಕೊಠಡಿ, ಒಂದನೇ ಮೇಜು.

ವಿಷಯ: ನೌಕರರು ಬಸ್ಸಿನಲ್ಲಿ ತರುವ ಬಿಸಿ ಹಿಡಿದಿಡುವ ಮಗ್ಗು ಅಗತ್ಯಕ್ಕಿಂತ ಚೆನ್ನಾಗಿರುವ ಬಗ್ಗೆ.

ಉಲ್ಲೇಖ:
1. ಪ್ರಮಾಣಪತ್ರಗಳ ರಿಜಿಸ್ಟರಿನ ಮೇಲೆ ಟೀ ಚೆಲ್ಲಿದ ಮಾರನೆಯ ದಿನದ ಸುತ್ತೋಲೆ.
2. ಉಪಸಮಿತಿಯ ಹನ್ನೊಂದು ದಿನಗಳ ಪರೀಕ್ಷಾ ವರದಿ.
3. ತಾವು ಸೋಮವಾರ ಬಾಯಿಮಾತಿನಲ್ಲಿ ಕೇಳಿದ ಪ್ರಶ್ನೆ: "ಏನಮ್ಮಾ, ವರದಿಗೆ ಎಲ್ಲರೂ ಸಹಿ ಹಾಕಿಯಾಯ್ತು, ನಿಂದೊಂದೇ ಬಾಕಿ. ಆ ಐದನೇ ಮಗ್ಗಲ್ಲಿ ಏನ್ ಕೊರತೆ ಕಂಡೆ?"

ಮಾನ್ಯರೇ, ಮತ್ತು ಮಾನ್ಯರು ರಜೆಯಲ್ಲಿದ್ದಲ್ಲಿ ಈ ಕಡತವನ್ನು ತೆರೆಯುವವರೇ,

ಉಲ್ಲೇಖ 3ರ ಪ್ರಶ್ನೆಗೆ ಅರ್ಜಿದಾರಳು ಈಗ ಲಿಖಿತವಾಗಿ ಉತ್ತರಿಸುತ್ತಿದ್ದಾಳೆ.

1. ರಿಜಿಸ್ಟರಿನ ಮೇಲೆ ಚೆಲ್ಲಿದ ಟೀ ಅರ್ಜಿದಾರಳದ್ದೇ. ಇದನ್ನು ಆಕೆ ಅಲ್ಲಗಳೆಯುವುದಿಲ್ಲ. ಆ ಕಾರಣಕ್ಕೆ ಹೊರಟ ಸುತ್ತೋಲೆಯ ಪ್ರಕಾರ, ಕಚೇರಿಗೆ ತರುವ ಮಗ್ಗು ತಲೆಕೆಳಗು ಮಾಡಿದರೂ ಸೋರಬಾರದು, ಮತ್ತು ಒಳಗಿನದು ಆರು ಗಂಟೆ ಕಾಲ ಅರವತ್ತು ಡಿಗ್ರಿಗಿಂತ ಕೆಳಗಿಳಿಯಬಾರದು. ನಮ್ಮಲ್ಲಿ ಯಾರ ಪ್ರಯಾಣವೂ ಒಂದೂವರೆ ಗಂಟೆ ಮೀರುವುದಿಲ್ಲ. ಹಾಗಿದ್ದ ಮೇಲೆ ಆರು ಗಂಟೆ ಏಕೆಂದು ಅರ್ಜಿದಾರಳು ಹಿರಿಯ ಪರೀಕ್ಷಕರನ್ನು ಕೇಳಿದಳು. ಏನನ್ನೇ ಆಗಲಿ ಮೊದಲು ಮಂಜುಗಡ್ಡೆಯಲ್ಲಿ ಅದ್ದಿ, ಅದು ಸೊನ್ನೆ ತೋರಿಸುವವರೆಗೆ ನಂಬದ ಅವರನ್ನು ಕೊಠಡಿಯವರು ಸೊನ್ನೆ ಮಾಸ್ತರು ಎನ್ನುತ್ತಾರೆ. ಅವರು ಹೇಳಿದ್ದು: "ನಮ್ಮ ಚಾರ್ಟ್ ಇರೋದೇ ಆರು ಗಂಟೇದು ಕಣಮ್ಮಾ. ಅರ್ಧ ಖಾಲಿ ಬಿಟ್ರೆ ಆಡಿಟ್‌ನೋರು ಸುಮ್ನಿರ್ತಾರಾ?"

2. ಆದ್ದರಿಂದ ಹನ್ನೊಂದು ದಿನ ಐದು ಮಗ್ಗುಗಳ ಪರೀಕ್ಷೆ ನಡೆಯಿತು. ಆ ಅವಧಿಯಲ್ಲಿ ಆಸ್ಪತ್ರೆಗಳ ಥರ್ಮಾಮೀಟರುಗಳು ಪೆಟ್ಟಿಗೆಯಲ್ಲೇ ಇದ್ದವು. ಒಂದನೇ ಮಗ್ಗು, ಅಂದರೆ ಅರ್ಜಿದಾರಳದು, ಸೋರಿತು. ಎರಡನೆಯದು ಸೋರಲಿಲ್ಲ, ಆದರೆ ಬಸ್ಸಿನಲ್ಲಿ ಒಂದು ಕೈ ಕಂಬಿಗೆ, ಒಂದು ಕೈ ಮಗ್ಗಿಗೆ ಹೋದ ಮೇಲೆ ಮುಚ್ಚಳ ತೆಗೆಯಲು ಮೂರನೆಯ ಕೈ ಬೇಕಾಯಿತು. ಮೂರನೆಯದು ರಬ್ಬರ್ ವಾಸನೆ. ನಾಲ್ಕನೆಯದು ಯಾರ ಚೀಲದೊಳಗೂ ಇಳಿಯಲಿಲ್ಲ. ಐದನೆಯದು ಆರು ಗಂಟೆಯ ನಂತರ ಅರವತ್ತೆಂಟು ತೋರಿಸಿತು. ಸೊನ್ನೆ ಮಾಸ್ತರು ಚಪ್ಪಾಳೆ ತಟ್ಟಿದರು. ಕೊಠಡಿಯ ನಿಯಮದಂತೆ ಪ್ರತಿ ರೀಡಿಂಗ್ ನಂತರ ಒಳಗಿನದನ್ನು ತೊಟ್ಟಿಗೆ ಸುರಿದು, ಮಗ್ಗು ತೊಳೆದು, ಒರೆಸಿ, ಮುಚ್ಚಳ ಬೇರೆ ಇಡಲಾಯಿತು. ಹನ್ನೊಂದು ದಿನಗಳಲ್ಲಿ ಯಾರೂ ಯಾವ ಮಗ್ಗಿನಿಂದಲೂ ಒಂದು ಗುಟುಕು ಕುಡಿಯಲಿಲ್ಲ.

3. ಇದೇ ಪರೀಕ್ಷೆಯನ್ನು ಅರ್ಜಿದಾರಳು ಎರಡು ವರ್ಷದ ಹಿಂದೆ ಮನೆಯಲ್ಲಿ ಮಾಡಿದ್ದಳು. ಪತಿ ನಕ್ಷೆ ಬರೆಯುವ ಕೆಲಸದಲ್ಲಿದ್ದರು. ಬಸ್ಸಿನಲ್ಲಿ ನಲವತ್ತು ನಿಮಿಷದ ದಾರಿ. "ಸೋರದಿದ್ರೆ ಸಾಕು, ಯಾವುದಾದ್ರೂ ತಾ" ಎಂದಿದ್ದರು. ಯಾವುದಾದರೂ ಒಂದನ್ನು ತರುವುದು ಅರ್ಜಿದಾರಳ ಜಾಯಮಾನವಲ್ಲ. ಆಕೆ ಅಳೆದು, ತೂಗಿ, ಗ್ರಾಫ್ ಹಾಕಿ ಆರಿಸಿ ತಂದದ್ದು ಐದನೇ ಮಗ್ಗಿನ ಮಾದರಿಯನ್ನೇ.

4. ಕೊರತೆ ತಿಳಿದದ್ದು ಒಂದೇ ವಾರದಲ್ಲಿ. ತೊಂಬತ್ತೆರಡು ಡಿಗ್ರಿಯಲ್ಲಿ ಹೊರಟ ಟೀ ನಲವತ್ತು ನಿಮಿಷಕ್ಕೆ ಎಂಬತ್ತೆಂಟಾಗುತ್ತದೆ. "ಇದೇನೇ ಇದು, ಒಲೇನೇ ಚೀಲಕ್ಕೆ ಹಾಕಿ ಕಳಿಸ್ತೀಯಲ್ಲ? ಇಳಿಯೋ ಸ್ಟಾಪ್ ಬಂದ್ರೂ ಬಾಯಿಗಿಡೋಕಾಗಲ್ಲ" ಎಂದು ಪತಿ ದೂರಿದರು. ಮುಚ್ಚಳ ತೆಗೆದಿಟ್ಟುಕೊಳ್ಳುವಂತೆ ಸೂಚಿಸಲಾಯಿತು. "ತೊಡೆ ಮೇಲೆ ಚೆಲ್ಕೊಂಡ್ರೆ ಅದಕ್ಕೂ ಒಂದು ರೀಡಿಂಗ್ ತಗೋತೀಯಾ?" ಎಂದರು. ಅಡುಗೆಮನೆಯಿಂದ ಅತ್ತೆ, "ಸ್ವಲ್ಪ ಆರಿಸಿ ತುಂಬಿಸೇ ತಾಯಿ, ಅವನ ನಾಲಿಗೆ ಏನು ತಗಡೇ?" ಎಂದರು. ಆರಿಸಿ ತುಂಬಿಸಿದರೆ ಇಷ್ಟು ಒಳ್ಳೆಯ ಮಗ್ಗು ತಂದ ಉದ್ದೇಶವೇ ಹಾಳಾಗುತ್ತದೆಂದು ಅರ್ಜಿದಾರಳು ವಾದಿಸಿದಳು. ವಾದದಲ್ಲಿ ಗೆದ್ದಳು.

5. ಎಂಟು ತಿಂಗಳ ಹಿಂದಿನ ಒಂದು ಬುಧವಾರ, ಬೆಳಿಗ್ಗೆ ಏಳು ಗಂಟೆಗೆ, ಎಂದಿನಂತೆ ತುಂಬಿಸಿ ಕೊಟ್ಟಳು. ಬಸ್ಸು ಕೊನೆಯ ಸ್ಟಾಪಿಗೆ ಬಂದಾಗ ಕಂಡಕ್ಟರು, "ಸಾರ್, ಇಳೀರಿ, ಲಾಸ್ಟ್ ಸ್ಟಾಪು" ಎಂದು ಎರಡು ಸಲ ಕರೆದರಂತೆ. ನಿದ್ದೆ ಅಂದುಕೊಂಡಿದ್ದರಂತೆ. ಹೃದಯ ನಿಂತದ್ದು ಅರ್ಧ ದಾರಿಯಲ್ಲಿ ಎಂದು ವೈದ್ಯರು ಅಂದಾಜಿಸಿದ್ದಾರೆ.

ಮಧ್ಯಾಹ್ನ ಒಂದೂ ಇಪ್ಪತ್ತಕ್ಕೆ ಆಸ್ಪತ್ರೆಯ ಕೌಂಟರಿನಲ್ಲಿ ಸಹಿ ಪಡೆದು ಬೂಟು, ಗಡಿಯಾರ, ಮಗ್ಗು ಕೊಟ್ಟರು. ಮಗ್ಗು ಭಾರವಾಗಿತ್ತು. ತೆರೆದರೆ ಕಂಠಮಟ್ಟ ಇತ್ತು. ಒಂದು ಗುಟುಕೂ ಕಡಿಮೆಯಾಗಿರಲಿಲ್ಲ. ಹಬೆ ಬಂತು. ಅರ್ಜಿದಾರಳ ಚೀಲದಲ್ಲಿ ಕಚೇರಿಯ 14ನೇ ಥರ್ಮಾಮೀಟರ್ ಇತ್ತು.

"ಏನ್ ಮಾಡ್ತಿದೀರಮ್ಮಾ?" ಎಂದು ಕೌಂಟರಿನವರು ಕೇಳಿದರು.

"ರೀಡಿಂಗ್ ತಗೋತಿದೀನಿ."

ಅರವತ್ತೇಳೂವರೆ. ಅದಕ್ಕೆ ಸ್ವಲ್ಪ ಮುಂಚೆ ಆಕೆ ಪತಿಯ ಕೈ ಹಿಡಿದು ನೋಡಿದ್ದಳು. ಅದರ ರೀಡಿಂಗ್ ತೆಗೆದುಕೊಂಡಿಲ್ಲ.

6. ನಂತರ ಅರ್ಜಿದಾರಳು ಕೊಠಡಿಯ ನಿಯಮವನ್ನು ಪಾಲಿಸಿದಳು. ಒಳಗಿನದನ್ನು ಆಸ್ಪತ್ರೆಯ ಮೊಗಸಾಲೆಯ ಕೈ ತೊಳೆಯುವ ತೊಟ್ಟಿಗೆ ಸುರಿದು, ತೊಳೆದು, ಒರೆಸಿ, ಮುಚ್ಚಳ ಬೇರೆ ಇಟ್ಟಳು. ಒರೆಸುವಾಗ ತಾನು ಏನು ಸುರಿದೆನೆಂದು ಗೊತ್ತಾಯಿತು. ಇನ್ನು ಹತ್ತು ನಿಮಿಷ ತೆರೆದಿಟ್ಟಿದ್ದರೆ ಅದು ಕುಡಿಯುವ ಹದಕ್ಕೆ ಬರುತ್ತಿತ್ತು.

7. ಅಂದಿನಿಂದ ಆಕೆ ಬಳಸುತ್ತಿರುವುದು ಒಂದನೇ ಮಗ್ಗನ್ನು. ಕರವಸ್ತ್ರ ಸುತ್ತಿ ತರುತ್ತಾಳೆ. ಸೋರುತ್ತದೆ. ಮೂರನೇ ಸ್ಟಾಪಿಗೆ ಕುಡಿಯಬಹುದು.

ಕಾರಣ, ಐದನೇ ಮಗ್ಗಿನಲ್ಲಿ ಯಾವ ಕೊರತೆಯೂ ಇಲ್ಲ, ಮತ್ತು ಅರ್ಜಿದಾರಳು ವರದಿಗೆ ಸಹಿ ಹಾಕಲಾರಳು. ಆದ್ದರಿಂದ ಈ ಕೆಳಗಿನಂತೆ ಕೋರಿದೆ:

(ಅ) ವರದಿಯಲ್ಲಿ "ಇಳಿಯುವ ಮೊದಲು ಕುಡಿಯಲು ಆಗುತ್ತದೆಯೇ" ಎಂಬ ಒಂದು ಕಾಲಂ ಸೇರಿಸುವುದು. ಅದು ಭರ್ತಿಯಾದಲ್ಲಿ ಸಹಿ ಹಾಕಲಾಗುವುದು.

(ಆ) ಅಲ್ಲಿಯವರೆಗೆ ಒಂದನೇ ಮಗ್ಗನ್ನು, ರಿಜಿಸ್ಟರಿನಿಂದ ಎರಡು ಮೇಜು ದೂರದಲ್ಲಿ, ಬಳಸಲು ಅನುಮತಿ ನೀಡುವುದು.

(ಇ) 14ನೇ ಥರ್ಮಾಮೀಟರನ್ನು ಪುಸ್ತಕದಲ್ಲಿ ನಮೂದಿಸದೆ ಹೊರಗೆ ಒಯ್ದದ್ದನ್ನು ಸಕ್ರಮಗೊಳಿಸುವುದು.

ತಮ್ಮ ವಿಶ್ವಾಸಕ್ಕೆ, ರಿಜಿಸ್ಟರಿನ ಕಲೆಯ ಹೊರತಾಗಿ, ಅರ್ಹಳಾದ
ಕಿರಿಯ ಪರೀಕ್ಷಕಿ

ಲಗತ್ತುಗಳು:
1. ಎರಡು ವರ್ಷದ ಹಿಂದಿನ ಗ್ರಾಫ್, ಒಂದು ಹಾಳೆ.
2. ಬುಧವಾರದ ರೀಡಿಂಗ್ ಚೀಟಿ. ಸಾಕ್ಷಿಯ ಸಹಿ ಇಲ್ಲ.
3. ಪತಿಯ ಮಗ್ಗು, ಮುಚ್ಚಳ ಬೇರೆ.

ವಿಶೇಷ ಸೂಚನೆ: ಲಗತ್ತು 3ನ್ನು ಮರುಪರೀಕ್ಷೆಗೆ ಒಳಪಡಿಸುವುದಾದರೆ ಬಿಸಿನೀರಿನ ಬದಲು ಟೀಯನ್ನೇ ತುಂಬಿಸುವುದು; ಎರಡು ಚಮಚ ಸಕ್ಕರೆ. ರೀಡಿಂಗ್ ಮುಗಿದ ಮೇಲೆ ಹತ್ತು ನಿಮಿಷ ಕಾದು, ಹಾಜರಿರುವವರಲ್ಲಿ ಯಾರಾದರೊಬ್ಬರು ಕುಡಿಯುವುದು. ಒಳಗಿನದನ್ನು ತೊಟ್ಟಿಗೆ ಸುರಿಯತಕ್ಕದ್ದಲ್ಲ.