ಚಿನ್ನಿಯ ನೆಗೆತ, ಆಂಟಿಯ ಫ್ಯಾನು ಮತ್ತು ಬಣ್ಣವಿಲ್ಲದ ಬಿಸ್ಕತ್ತು

ನನ್ನ ಮಗಳು ಯಾಕೆ ಇಷ್ಟು ಕುಣಿಯುತ್ತಾಳೆ ಎಂಬುದನ್ನು ನಾನು ಹನ್ನೊಂದೇ ನಿಮಿಷದಲ್ಲಿ ಕಂಡುಹಿಡಿದೆ. ಸುಮ್ಮನೆ ಹೇಳುತ್ತಿಲ್ಲ, ಡೈರಿಯಲ್ಲಿ ಬರೆದಿದೆ: ಸೋಮವಾರ ಸಂಜೆ 7.14ಕ್ಕೆ ಮೊಬೈಲ್ ಹಿಡಿದೆ, 7.25ಕ್ಕೆ ಕಾರಣ ಕೈಯಲ್ಲಿತ್ತು!

ಮಗಳು ಚಿನ್ನಿಗೆ ನಾಲ್ಕು ವರ್ಷ. ನಾವಿರುವುದು ರಾಮಮೂರ್ತಿ ನಗರದ ಒಂದು ಬಾಡಿಗೆ ಮನೆಯ ಮೊದಲ ಮಹಡಿಯಲ್ಲಿ. ಓನರ್ ಜಯಮ್ಮ ಆಂಟಿ ಇರುವುದು ಸರಿಯಾಗಿ ನಮ್ಮ ಕೆಳಗೆ. ಚಿನ್ನಿ ಸೋಫಾದಿಂದ ಹಾರಿದರೆ ಆಂಟಿಯ ಫ್ಯಾನು ಅಲ್ಲಾಡುತ್ತದೆ. ಆ ಸೋಮವಾರ ಆಂಟಿ ಮೆಟ್ಟಿಲು ಹತ್ತಿ ಬಂದಿದ್ದರು.

“ನೋಡಿ ಸರ್, ಮಕ್ಕಳು ದೇವ್ರಿದ್ದಂಗೆ, ಒಪ್ಕೋತೀನಿ. ಆದ್ರೆ ನಿಮ್ಮನೆ ದೇವ್ರು ದಿನಾ ನನ್ ತಲೆ ಮೇಲೆ ಕುಣೀತಾ ಇದೆ! ಹದಿನೈದು ದಿನ ನೋಡ್ತೀನಿ. ಕಮ್ಮಿ ಆಗ್ಲಿಲ್ಲ ಅಂದ್ರೆ ಬೇರೆ ಮನೆ ನೋಡ್ಕೊಳಿ.”

ಕಲಬುರಗಿಯಿಂದ ಬಂದು ಐದು ಮನೆ ಬದಲಿಸಿದ ಮೇಲೆ ಸಿಕ್ಕಿದ ಮನೆ ಇದು. ನಲ್ಲಿಯಲ್ಲಿ ನೀರು ಬರುತ್ತದೆ, ಚಿನ್ನಿಯ ಶಾಲೆ ಪಕ್ಕದ ರಸ್ತೆಯಲ್ಲಿದೆ. ಇಂಥ ಮನೆಯನ್ನು ಒಂದು ಸೋಫಾಕ್ಕಾಗಿ ಕಳೆದುಕೊಳ್ಳುವುದುಂಟೆ?

ಮೊಬೈಲಿನಲ್ಲಿ ಸಿಕ್ಕ ಲೇಖನದ ಸಾರ ಇಷ್ಟು: ತಿಂಡಿಗೆ ಬೆರೆಸುವ ಕೃತಕ ಬಣ್ಣಗಳಿಂದ ಕೆಲವು ಮಕ್ಕಳಲ್ಲಿ ಚಡಪಡಿಕೆ ಸ್ವಲ್ಪ ಹೆಚ್ಚಬಹುದು. ಅದರಲ್ಲಿದ್ದ ‘ಕೆಲವು’, ‘ಸ್ವಲ್ಪ’, ‘ಬಹುದು’ ಎಂಬ ಮೂರನ್ನೂ ನಾನು ಗೌರವದಿಂದ ದಾಟಿ ಮುಂದೆ ಹೋದೆ.

“ಗಂಗಾ! ಸಿಕ್ಕಿತು! ಬಣ್ಣ! ಎಲ್ಲಾ ಬಣ್ಣದ್ದೇ ಆಟ!” ಎಂದು ಕೂಗಿದೆ.

ಹೆಂಡತಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. “ಕೂಸು ಅದರಿ, ಕುಣೀತದ. ಸಣ್ಣವರಿದ್ದಾಗ ನೀವೂ ಹಂಗೇ ಇದ್ರಂತ, ಅತ್ತಿ ಹೇಳ್ಯಾರ.”

“ಅದಕ್ಕ ದಾಖಲೆ ಇಲ್ಲ,” ಎಂದೆ.

ದಾಖಲೆಯ ಏರ್ಪಾಡು ಮರುದಿನವೇ ಆಯಿತು. ಹೊಸ ನೋಟ್‌ಬುಕ್, ಸ್ಕೇಲು, ಪೆನ್ಸಿಲು. ತಾರೀಖು, ತಿಂದದ್ದು, ಬಣ್ಣ, ನೆಗೆತ ಎಂದು ನಾಲ್ಕು ಅಂಕಣ. ಆಫೀಸಿನಿಂದ ಬಂದ ಮೇಲೆ, ಸಂಜೆ ಆರರಿಂದ ಏಳರವರೆಗೆ ಎಣಿಕೆ. ಒಂದು ನೆಗೆತಕ್ಕೆ ಒಂದು ಗೀಟು. ನಾಲ್ಕು ಗೀಟು ನಿಂತ ಮೇಲೆ ಐದನೆಯದನ್ನು ಅಡ್ಡ ಎಳೆಯುವುದು. ಮಂಗಳವಾರ, ಎಂದಿನ ತಿಂಡಿ ತಿಂದು, ಚಿನ್ನಿ ಇಪ್ಪತ್ತು ಸಲ ನೆಗೆದಳು. ನಾಲ್ಕು ಅಚ್ಚುಕಟ್ಟಾದ ಕಟ್ಟು! ನೋಡಲು ಎಷ್ಟು ಚೆಂದವಿತ್ತು!

ಬುಧವಾರ ಅಡುಗೆಮನೆಯ ಮೇಲೆ ದಾಳಿ ಮಾಡಿದೆ. ಗುಲಾಬಿ ಕ್ರೀಮಿನ ಬಿಸ್ಕತ್ತು, ಕೆಂಪು ಜಾಮು, ಹಸಿರು ಜೆಲ್ಲಿ, ಐದು ಬಣ್ಣದ ಚಾಕೊಲೇಟ್ ಗುಳಿಗೆ ಎಲ್ಲವೂ ವಶವಾದವು. ಆಮೇಲೆ ಬಣ್ಣವಿಲ್ಲದ ತಿಂಡಿ ತರಲು ಅಂಗಡಿಗೆ ಹೋದೆ. ಪ್ರತಿ ಪೊಟ್ಟಣದ ಹಿಂಬದಿಯ ಸಣ್ಣ ಅಕ್ಷರಗಳನ್ನು ಡೈರಿಗೆ ಇಳಿಸಿಕೊಳ್ಳುತ್ತಿದ್ದೆ. ಆರನೇ ಪೊಟ್ಟಣದ ಹೊತ್ತಿಗೆ ನನ್ನ ಹಿಂದೆ ಏಳು ಜನ ನಿಂತಿದ್ದರು.

“ಗುರು, ಬಿಸ್ಕತ್ತು ತಗೊಳ್ತೀಯೋ, ಪರೀಕ್ಷೆಗೆ ಓದ್ಕೊಳ್ತಾ ಇದೀಯೋ?” ಎಂದ ಅಂಗಡಿಯವನು.

ಕೊನೆಗೆ ತಂದದ್ದು ರಟ್ಟಿನ ಬಣ್ಣದ ಒಂದು ಬಿಸ್ಕತ್ತು. ರುಚಿಯೂ ರಟ್ಟಿನದೇ. ಚಿನ್ನಿ ಒಂದನ್ನು ನೆಕ್ಕಿ, ಒರೆಸಿ, ನನ್ನ ಜೇಬಿಗೆ ಹಾಕಿದಳು.

ವಶಪಡಿಸಿಕೊಂಡ ಮಾಲನ್ನು ಏನು ಮಾಡುವುದು? ನಮ್ಮ ಕಡೆ ಅನ್ನ ಚೆಲ್ಲಿದರೆ ಪಾಪ. ಹಾಗಾಗಿ ಸಾಕ್ಷ್ಯನಾಶದ ಹೊಣೆಯನ್ನು ನಾನೇ ಹೊತ್ತೆ. ದಿನಕ್ಕೆ ಸ್ವಲ್ಪಸ್ವಲ್ಪವಾಗಿ, ಕರ್ತವ್ಯ ಎಂದು ತಿಳಿದು, ತಿಂದೆ. ಜೆಲ್ಲಿ ಬಹಳ ಚೆನ್ನಾಗಿತ್ತು.

ಫಲಿತಾಂಶ? ಬುಧವಾರ ಮೂವತ್ತೈದು ನೆಗೆತ! ಗುರುವಾರ ನಲವತ್ತೈದು! ಬಣ್ಣ ಸೊನ್ನೆ, ನೆಗೆತ ಎರಡರಷ್ಟು! “ಹಳೇ ಬಣ್ಣ ಮೈಯಿಂದ ಹೊರಗೆ ಹೋಗುತ್ತಿರುವ ಲಕ್ಷಣ” ಎಂದು ಷರಾ ಬರೆದೆ. ಯಾವ ಲೇಖನದಲ್ಲೂ ಇದಿರಲಿಲ್ಲ. ನನ್ನದೇ ಸಂಶೋಧನೆ.

ಶುಕ್ರವಾರ ಜಯಮ್ಮ ಆಂಟಿ ಪೂಜೆ ಮುಗಿಸಿ ಪ್ರಸಾದ ಹಿಡಿದುಕೊಂಡು ಬಂದರು. ಬಟ್ಟಲಿನಲ್ಲಿ ಕೇಸರಿಬಾತು. ಸೂರ್ಯೋದಯದ ಹಾಗೆ ಹೊಳೆಯುತ್ತಿತ್ತು. ಚಿನ್ನಿ ಎರಡೂ ಕೈ ಚಾಚಿದಳು. ನಾನು ನಡುವೆ ನಿಂತೆ.

“ಆಂಟಿ, ಇದಕ್ಕೆ ಬಣ್ಣ ಹಾಕಿದೀರಾ?”

“ಬಣ್ಣ ಹಾಕ್ದೆ ಇದ್ರೆ ಅದನ್ನ ಸಿಹಿ ಉಪ್ಪಿಟ್ಟು ಅಂತಾರೆ ಸರ್.”

“ಹಾಗಾದರೆ ದಯವಿಟ್ಟು ವಾಪಸ್ ತಗೊಂಡು ಹೋಗಿ. ಬಣ್ಣದ ಡಬ್ಬಿ ಇದ್ದರೆ ಕಳಿಸಿ, ಅದರ ಮೇಲಿರುವ ನಂಬರ್ ಬರೆದುಕೊಳ್ಳುತ್ತೇನೆ.”

ಗಂಗಾ ಒಳಗಿನಿಂದ ಓಡಿ ಬರುವಷ್ಟರಲ್ಲಿ ಅನಾಹುತ ಆಗಿಹೋಗಿತ್ತು. ಆಂಟಿಯ ಮುಖ ಕೇಸರಿಬಾತಿಗಿಂತ ಕೆಂಪಗಿತ್ತು. “ದೇವ್ರ ಪ್ರಸಾದಕ್ಕೆ ನಂಬರ್ ಕೇಳ್ತೀರಾ? ಹದಿನೈದು ದಿನ ಅಂದಿದ್ದೆ ಅಲ್ವಾ? ಕ್ಯಾನ್ಸಲ್! ಭಾನುವಾರ ಏಳು ಗಂಟೆಗೆ ಬರ್ತೀನಿ. ಅವತ್ತು ಸಂಜೆ ಒಂದೇ ಒಂದ್ ಸಲ ಧಡ್ ಅನ್ಲಿ, ಮನೆ ಖಾಲಿ!”

ಆ ಸಂಜೆ ಚಿನ್ನಿ ಎಪ್ಪತ್ತು ಸಲ ನೆಗೆದಳು.

ಶನಿವಾರ ಬೆಳಿಗ್ಗೆ ಗಂಗಾ ನನ್ನ ನೋಟ್‌ಬುಕ್ ತೆಗೆದು ನೋಡಿದಳು. ಐದು ದಿನದಲ್ಲಿ ಅದೇ ಮೊದಲ ಸಲ. ನೋಡಿ ಕೇಳಿದಳು, “ಇಪ್ಪತ್ತು, ಮೂವತ್ತೈದು, ನಲವತ್ತೈದು, ಎಪ್ಪತ್ತು. ಯಾವಾಗ್ಲೂ ಐದರ ಲೆಕ್ಕಕ್ಕೇ ಯಾಕ ನಿಲ್ತದರಿ ಇದು?”

ನಾನು ಯೋಚಿಸಿದೆ. ನಾಲ್ಕೂ ಅಂಕಣಗಳನ್ನು ಸ್ಕೇಲು ಇಟ್ಟು ಮತ್ತೆ ಓದಿದೆ.

“ನೀವು ಬರೋತನಕ ಆಕಿ ಕುಂತು ಆಡ್ತಾಳ. ಹಾರಿದ್ರ ಎರಡು ಸಲ, ಮೂರು ಸಲ. ನೀವು ಪುಸ್ತಕ ತೆರದ್ರೋ ಇಲ್ಲೋ, ಸೋಫಾ ಏರ್ತಾಳ. ಒಮ್ಮಿ ಹಾರೂದು, ಬಂದು ನಿಮ್ಮ ಗೀಟು ನೋಡೂದು. ಆ ಅಡ್ಡಗೀಟು ಬೀಳೋತನಕ ಬಿಡಂಗಿಲ್ಲ. ಕೂಸಿಗೆ ಬಣ್ಣ ಅಲ್ಲರಿ, ನಿಮ್ಮ ಪೆನ್ಸಿಲು ಏರ್ಯಾದ!”

ಚಿನ್ನಿ ಆಗಲೇ ಸೋಫಾದ ಮೇಲೆ ನಿಂತಿದ್ದಳು. “ಅಪ್ಪಾ, ಗೀಟು ಹಾಕು!”

ಹೀಗೆ ಒಂದು ಮಹಾ ಸಂಶೋಧನೆ ಮುಗಿಯಿತು. ನೋಟ್‌ಬುಕ್ಕನ್ನೂ ಪೆನ್ಸಿಲನ್ನೂ ಚಿನ್ನಿಗೇ ಒಪ್ಪಿಸಿದೆ. ಅಂದು ಸಂಜೆ ನೆಗೆತ ಮೂರೇ!

ಭಾನುವಾರ. ಆರು ಗಂಟೆ. ಚಿನ್ನಿ ನೆಲದ ಮೇಲೆ ಕುಳಿತು, ನಾಲಿಗೆ ಹೊರಗೆ ಚಾಚಿ, ಗೀಟು ಎಳೆಯುತ್ತಿದ್ದಳು. ಆರೂ ಕಾಲು, ಸೊನ್ನೆ. ಆರೂವರೆ, ಸೊನ್ನೆ! ಆರೂ ಮುಕ್ಕಾಲು, ಸೊನ್ನೆ!! ನನ್ನ ಕಾಲು ತಾನಾಗಿಯೇ ಅಲ್ಲಾಡುತ್ತಿತ್ತು. ತಾಳಲಾರದೆ ಉಳಿದಿದ್ದ ಜೆಲ್ಲಿಯನ್ನೂ, ಚಾಕೊಲೇಟ್ ಗುಳಿಗೆಗಳನ್ನೂ ಒಂದೇ ಸಲ ಮುಗಿಸಿದೆ. ಕಾಣಲಿ ಎಂದು ಸೋಫಾದ ಮೇಲೆ ಹತ್ತಿ ನಿಂತು ಗೋಡೆ ಗಡಿಯಾರ ನೋಡಿದೆ. ಏಳಕ್ಕೆ ಒಂದೇ ನಿಮಿಷ! ಮನೆ ಉಳಿಯಿತು!

“ಗೆದ್ದೆವು ಗಂಗಾ!” ಎಂದು ಹಾರಿದೆ.

ಧಡ್!

ನನ್ನ ತೂಕ ಎಪ್ಪತ್ತೆಂಟು ಕಿಲೋ. ಅದೂ ಡೈರಿಯಲ್ಲಿದೆ.

ಆಂಟಿ ಅಷ್ಟು ಬೇಗ ಮೆಟ್ಟಿಲು ಹತ್ತಿದ್ದನ್ನು ನಾನು ನೋಡಿರಲಿಲ್ಲ. ಕೈಯಲ್ಲಿ ಸೌಟು ಹಾಗೇ ಇತ್ತು. “ನೋಡಿದ್ರಾ? ಮತ್ತೆ ಕುಣಿದ್ಲು ತಾನೇ?”

ಚಿನ್ನಿ ತಲೆಯೆತ್ತದೆ, “ನಾನಲ್ಲ ಆಂಟಿ, ಅಪ್ಪ ಕುಣಿದ. ಒಂದು,” ಎಂದು ಹೊಸ ಹಾಳೆ ತಿರುವಿ ಗೀಟು ಎಳೆದಳು.

ಆಂಟಿ ನನ್ನ ಕಡೆ ನೋಡಿದರು. ನನ್ನ ಹಸಿರು ನಾಲಿಗೆಯನ್ನೂ ನೋಡಿದರು. ಆಮೇಲೆ ಸೌಟನ್ನು ಸೊಂಟಕ್ಕಿಟ್ಟುಕೊಂಡು ಇಡೀ ಮನೆ ಕೇಳುವಂತೆ ನಕ್ಕರು.

“ಗಂಗಾ, ನೀನೂ ಮಗುನೂ ಆರಾಮಾಗಿ ಇಲ್ಲೇ ಇರಿ ಕಣಮ್ಮ. ಕೆಳಗೆ ಬಾ, ಮಗೂಗೆ ಕೇಸರಿಬಾತ್ ಕೊಡ್ತೀನಿ. ಸರ್, ನಿಮ್ಗೆ ಮಾತ್ರ ಹದಿನೈದು ದಿನ ಟೈಮು. ಕಮ್ಮಿ ಆಗುತ್ತಾ ನೋಡೋಣ.”

ಅವರು ಹೋದ ಮೇಲೆ ಮರ್ಯಾದೆಯಿಂದ ನೋಟ್‌ಬುಕ್ ವಾಪಸ್ ಕೇಳಿದೆ. ಚಿನ್ನಿ ಕೊಡಲಿಲ್ಲ. ಒಂಟಿ ಗೀಟಿನ ಮೇಲೆ ಪೆನ್ಸಿಲ್ ಇಟ್ಟುಕೊಂಡು, ಸೋಫಾದ ಕಡೆ ಕೈ ತೋರಿಸಿದಳು.

“ಅಪ್ಪಾ, ಇನ್ನೂ ನಾಲ್ಕು!”